ಪವರ್‌ಲೂಮಿನದೂ ಇಳಕಲ್ ಸೀರೆಯೇ?

ಕೈಮಗ್ಗದ್ದಾಗಲಿ, ಪವರ್‌ಲೂಮಿನದಾಗಲಿ, ಅಂಗಡಿಯವರ ಬಾಯಲ್ಲಿ ಎರಡೂ ‘ಇಳಕಲ್ ಸೀರೆ’ಯೇ. ಹಾಗೆ ಕರೆಯುವುದು ಸರಿಯೇ?

ಪರ

ಇಳಕಲ್ ಸೀರೆ ಹುಟ್ಟಿದ್ದು ಗಾಜಿನ ಕಪಾಟಿನಲ್ಲಿ ಇಡುವುದಕ್ಕಲ್ಲ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯ ಹೆಂಗಸರು ಅದನ್ನೇ ಉಟ್ಟು ಹೊಲದಲ್ಲಿ ಕಳೆ ತೆಗೆದರು, ರೊಟ್ಟಿ ಬಡಿದರು, ಸೆರಗು ತಲೆತುಂಬ ಹೊದ್ದು ಸಂತೆಗೆ ಹೋದರು. ಗಡಿಯಾಚೆ ಮಹಾರಾಷ್ಟ್ರದ ಹೆಂಗಸರಿಗೂ ಅದು ದಿನದ ಉಡುಗೆಯಾಗಿತ್ತು. ಇವತ್ತು ಕೂಲಿಗೆ ಹೋಗುವವಳಿಗೆ ರೇಷ್ಮೆ ಸೆರಗಿನ ಕೈಮಗ್ಗದ ಸೀರೆ ಎಟಕುವುದಿಲ್ಲ. ಪವರ್‌ಲೂಮಿನದು ಎಟಕುತ್ತದೆ. ಅದೇ ಕೆಂಪು ಸೆರಗು, ಅದೇ ಚಿಕ್ಕಿ ದಡಿ. ಅವಳು ಉಟ್ಟದ್ದು ಇಳಕಲ್ ಅಲ್ಲ ಎಂದು ಅವಳಿಗೆ ಹೇಳುವ ಹಕ್ಕು ಯಾರಿಗಿದೆ?

ಇನ್ನು ‘ಅಸಲಿ’ಯ ಮಾತು. ಗಿಡಮೂಲದ ಬಣ್ಣ ಹೋಗಿ ರಾಸಾಯನಿಕ ಬಣ್ಣ ಬಂತು. ರೇಷ್ಮೆಯ ಜಾಗಕ್ಕೆ ಚಮಕಾ ಎಂಬ ಕೃತಕ ರೇಷ್ಮೆ ನೂಲು ಬಂತು. ಕೈಯಿಂದ ಎಸೆಯುತ್ತಿದ್ದ ಲಾಳಿ ಹಗ್ಗ ಜಗ್ಗಿದರೆ ಓಡುವಂತಾಯಿತು. ಆಗೆಲ್ಲ ಹೆಸರು ಬದಲಾಗಲಿಲ್ಲ. ಮೋಟರ್ ಕೂಡಿಸಿದ ಕೂಡಲೇ ಏಕೆ ಮೈಲಿಗೆ?

ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂತ ನೇಕಾರನಿಗೆ ತನ್ನ ಮಗನೂ ಅಲ್ಲೇ ಕೂರಲಿ ಎಂಬ ಆಸೆಯಿಲ್ಲ. ಪವರ್‌ಲೂಮ್ ಹಾಕಿದವರಲ್ಲೂ ನೇಕಾರರ ಮನೆಯವರೇ ಇದ್ದಾರೆ. ಉಡುವವರು ಪರಂಪರೆ ಎಂದು ಕೊಂಡಾಡಬಹುದು. ಸೊಂಟ ನೋಯುವುದು ನೇಯುವವನಿಗೆ.

ವಿರೋಧ

ಬಣ್ಣ ಬದಲಾಯಿತು, ನೂಲು ಬದಲಾಯಿತು, ನಿಜ. ಬದಲಾಗದೆ ಉಳಿದದ್ದು ಒಂದಿದೆ, ತೋಪತೆನಿ ಎಂಬ ಜೋಡಣೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕಾಗಿ ಒಂದೊಂದು ಸೀರೆಗೂ ಬೇರೆಯೇ ಹಾಸು ಹೂಡಬೇಕು. ಸೆರಗಿನಲ್ಲಿ ಹಾಸೂ ಕೆಂಪು, ಅಡ್ಡ ಹಾಯುವ ಹೊಕ್ಕೂ ಕೆಂಪು. ಹಾಗಾಗಿ ಅದಕ್ಕೆ ಆ ತುಂಬುಗೆಂಪು. ಅದರ ಮೇಲೆ ಬಿಳಿಯಲ್ಲಿ ಕೋಟೆಯ ತೆನೆ, ಹಣಿಗೆಯ ಹಲ್ಲು ಮೂಡುತ್ತವೆ. ಪವರ್‌ಲೂಮಿಗೆ ಉದ್ದನೆಯ ಒಂದೇ ಹಾಸು ಬೇಕು. ಸೀರೆ ಸೀರೆಗೂ ನಿಲ್ಲಿಸಿ ಕೊಂಡಿ ಹಾಕುತ್ತ ಕೂತರೆ ಅದರ ಲಾಭವೇ ಹೋಯಿತು. ಹಾಗಾಗಿ ಅಲ್ಲಿ ಹೊಕ್ಕಿನ ಬಣ್ಣವನ್ನಷ್ಟೇ ಬದಲಿಸುತ್ತಾರೆ, ಒಡಲಿನ ಹಾಸು ಸೆರಗಿನೊಳಗಿಂದ ಇಣುಕುತ್ತದೆ. ನನ್ನ ತಕರಾರು ಮೋಟರಿನ ಮೇಲಲ್ಲ. ಈ ಸೀರೆಯನ್ನು ಇಳಕಲ್ ಆಗಿಸುವ ಕೆಲಸವನ್ನೇ ಬಿಟ್ಟು ಹೆಸರನ್ನು ಮಾತ್ರ ಇಟ್ಟುಕೊಂಡದ್ದರ ಮೇಲೆ. ಲಾಳಿಗೆ ಹಗ್ಗ ಕಟ್ಟಿದವರು ಕೊಂಡಿ ಕಿತ್ತು ಹಾಕಿರಲಿಲ್ಲವಲ್ಲ!

ಆ ಕೆಲಸದ ಹಿಂದೆ ಮನೆಯ ಹೆಂಗಸರಿದ್ದಾರೆ. ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಎಳೆ ಕೂಡಿಸುವುದು ಬಹುಪಾಲು ಅವರದೇ ಕೈ. ಮಗ್ಗದ ಮುಂದೆ ತೆಗೆದ ಫೋಟೋದಲ್ಲಿ ಅವರು ಕಾಣುವುದಿಲ್ಲ. ಪವರ್‌ಲೂಮಿಗೆ ಅವರು ಅಷ್ಟಾಗಿ ಬೇಕಾಗಿಯೂ ಇಲ್ಲ. ಬಡವಳಿಗೆ ಅಗ್ಗದ ಸೀರೆ ಬೇಕು ಎನ್ನುವಾಗ ಈ ಬಡವಳ ಲೆಕ್ಕವನ್ನೂ ಹಿಡಿಯಬೇಕು.

ಕಾನೂನೂ ಸುಮ್ಮನಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂತು. ಮೊದಲು 22 ಬಗೆಯಿದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಸೀರೆ ಈಗಲೂ ಅದರಲ್ಲಿದೆ. ಇಳಕಲ್ ಸೀರೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಕಾಗದದ ಮೇಲೆ ಇಷ್ಟೆಲ್ಲ ಕಾವಲಿದ್ದೂ ಅಂಗಡಿಯಲ್ಲಿ ಎರಡನ್ನೂ ಒಂದೇ ಮಾತಿನಲ್ಲಿ ಮಾರುತ್ತಾರೆ ಎಂದರೆ ಮೋಸ ಹೋಗುವವರು ಇಬ್ಬರು: ಕೈಮಗ್ಗದ ಬೆಲೆ ತೆತ್ತು ಪವರ್‌ಲೂಮ್ ಸೀರೆ ಒಯ್ಯುವವಳು, ಪವರ್‌ಲೂಮಿನ ಬೆಲೆಗೆ ಸರಿಯಾಗಿ ಕೂಲಿ ಇಳಿಸಿಕೊಳ್ಳುವ ನೇಕಾರ.

ಪವರ್‌ಲೂಮ್ ಸೀರೆ ಇರಲಿ, ಹೊಲಕ್ಕೆ ಹೋಗುವವಳು ಖುಷಿಯಿಂದ ಉಡಲಿ. ಚೀಟಿಯ ಮೇಲೆ ‘ಪವರ್‌ಲೂಮ್’ ಎಂದು ಬರೆದು ಮಾರಲಿ, ಸಾಕು. ಕೊಳ್ಳುವವರು ಸೀರೆ ಬಿಡಿಸಿ, ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಬೆರಳಾಡಿಸಿ ನೋಡಿ. ಕೊಂಡಿಗಳ ಸಾಲು ಕೈಗೆ ಸಿಕ್ಕರೆ ಚೌಕಾಸಿ ಮಾಡಬೇಡಿ. ಸಿಗದಿದ್ದರೆ ಕೈಮಗ್ಗದ ಗುರುತಾದ ಹ್ಯಾಂಡ್‌ಲೂಮ್ ಮಾರ್ಕ್ ಎಲ್ಲಿ ಎಂದು ಕೇಳಿ. ಅದೂ ಇಲ್ಲವೆಂದರೆ ಕೈಮಗ್ಗದ ಬೆಲೆ ಕೊಡಬೇಡಿ.