ಸಾಲಕ್ಕೆ ವಾಯಿದೆ ಉಂಟು, ನೀರಿಗೆ ಯಾಕಿಲ್ಲ?



ಸೊಸೈಟಿಯ ಬೆಳೆಸಾಲ ವಾಯಿದೆ ಮೀರಿದರೆ ಬಡ್ಡಿ ರಿಯಾಯಿತಿ ಹೋಯಿತು, ಹಿಂದೆಯೇ ನೋಟೀಸು ಬಂತು. ನಮ್ಮ ವಾಯಿದೆಗೆ ಇಷ್ಟು ಬಿಗಿ. ಆದರೆ ನಮಗೆ ನೀರು ಕೊಡುತ್ತೇವೆಂದವರ ವಾಯಿದೆಯನ್ನು ಬರೆದಿಟ್ಟವರು ಯಾರು?

ಭದ್ರಾ ಮೇಲ್ದಂಡೆಯನ್ನೇ ನೋಡಿ. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರೆಗೆ ಎತ್ತಬೇಕು, ಅಲ್ಲಿಂದ 29.90 ಟಿಎಂಸಿ ಬಯಲುಸೀಮೆಗೆ ಬರಬೇಕು, 367 ಕೆರೆ ತುಂಬಬೇಕು. 2003ರಲ್ಲಿ 2,813 ಕೋಟಿ ರೂಪಾಯಿ ಇದ್ದ ಅಂದಾಜು 2020ಕ್ಕೆ 21,473 ಕೋಟಿಗೆ ಏರಿತು. ಮೈಸೂರು ಅರಸರ ಕಾಲದಲ್ಲಿ ಮಾರಿಕಣಿವೆ ಕಟ್ಟೆ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದಿತ್ತು! 2019ರಿಂದ ಆ ಕಣಿವೆಗೆ ಭದ್ರೆಯ ನೀರು ಬಂದದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಣಿವೆಗೆ ಬಂದ ನೀರು ಹೊಲಕ್ಕೆ ಬಂದ ಹಾಗಲ್ಲ.

ಎಂಜಿನಿಯರುಗಳ ಬಳಿ ಗೆರೆಗೆರೆಯ ಪಟವೊಂದಿರುತ್ತದೆ. ಅಮೆರಿಕದ ಹೆನ್ರಿ ಗ್ಯಾಂಟ್ ಎಂಬಾತ ನೂರು ವರ್ಷದ ಹಿಂದೆ ರೂಢಿಗೆ ತಂದದ್ದು. ಅದೇನು ಬ್ರಹ್ಮವಿದ್ಯೆಯಲ್ಲ. ಮೇಲೆ ತಿಂಗಳುಗಳನ್ನು ಬರೆಯಿರಿ. ಎಡಕ್ಕೆ ಒಂದರ ಕೆಳಗೊಂದು ಕೆಲಸ: ಭೂಸ್ವಾಧೀನ, ಕಾಲುವೆ ಅಗೆತ, ಸೇತುವೆ, ಪಂಪ್‌ಹೌಸು, ಕರೆಂಟು, ಕೆರೆಗೆ ಪೈಪು. ಪ್ರತಿ ಕೆಲಸಕ್ಕೂ ಅವರು ಹೇಳಿದ ಅವಧಿಗೆ ಬಿಳಿ ಗೆರೆ, ಅದರ ಕೆಳಗೆ ನಡೆದಷ್ಟಕ್ಕೆ ಕೆಂಪು ಗೆರೆ. ಕೆಂಪು ಹಿಂದೆ ಬಿದ್ದದ್ದು ಅಕ್ಷರ ಬಾರದವರಿಗೂ ಕಾಣುತ್ತದೆ.

ಎರಡು ಮಾತು ನೆನಪಿರಲಿ. ಒಂದು, 'ಶೇಕಡಾ ಇಷ್ಟು ಮುಗಿದಿದೆ' ಅಂದರೆ ತಲೆಯಾಡಿಸಬೇಡಿ. ಅಬ್ಬಿನಹೊಳಲು ಬಳಿ ಎರಡು ಕಿಲೋಮೀಟರಿಗೂ ಕಡಿಮೆ ಕಾಲುವೆ ವರ್ಷಗಟ್ಟಲೆ ನಿಂತಿತ್ತು. ಅಲ್ಲಿನ ರೈತರು ಭೂಮಿಗೆ ತಕ್ಕ ಪರಿಹಾರ ಕೇಳಿದ್ದು ತಪ್ಪಲ್ಲ. ಆ ಗೆರೆಯನ್ನು ಮೊದಲೇ ಎಳೆದು ಮೊದಲೇ ಮುಗಿಸದ್ದು ತಪ್ಪು. ನೀರು ಶೇಕಡಾ ಲೆಕ್ಕದಲ್ಲಿ ಹರಿಯುವುದಿಲ್ಲ ಸ್ವಾಮಿ, ನಡುವೆ ಒಂದು ಮಾರು ಕಡಿದರೂ ಅಲ್ಲೇ ನಿಂತಿತು. ಎರಡು, ಅವರು ಹೊಸ ವಾಯಿದೆ ಕೊಟ್ಟರೆ ಹೊಸ ಗೆರೆ ಎಳೆಯಿರಿ, ಹಳೆಯದನ್ನು ಅಳಿಸಬೇಡಿ. ತಪ್ಪಿದ ಮಾತಿಗೆ ಆ ಗೆರೆಯೇ ಸಾಕ್ಷಿ.

ತಾರೀಖು ಎಲ್ಲಿ ಸಿಗುತ್ತೆ ಅಂತೀರಾ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಯಾವ ಕೆಲಸ, ಯಾವಾಗ ಶುರು, ಯಾವಾಗ ಮುಗಿಯಬೇಕು, ಎಷ್ಟು ಮುಗಿದಿದೆ ಎಂದು ನಾಲ್ಕೇ ಪ್ರಶ್ನೆ ಬರೆಯಿರಿ.

ನಮ್ಮ ಹರಿಯಬ್ಬೆ ಕಡೆ 'ಇನ್ನೇನು ನೀರು ಬಂತು' ಎಂಬ ಮಾತು ನಂಬಿ ಸಾಲ ಮಾಡಿ ತೋಟ ಇಟ್ಟವರಿದ್ದಾರೆ. ನೀರು ಬರುವ ಮುಂಚೆ ಬಡ್ಡಿ ಬಂತು. ಆದ್ದರಿಂದ ಪ್ರತಿ ಊರಲ್ಲೂ ಡೇರಿ ಗೋಡೆಗೆ ಈ ಪಟ ಬರೆಯಿರಿ. ತಿಂಗಳಿಗೊಮ್ಮೆ ನಾಲ್ಕು ಜನ ಹೋಗಿ ಕಾಲುವೆ ನೋಡಿ ಬಂದು ಕೆಂಪು ಗೆರೆ ಎಳೆಯಿರಿ. ಮತ ಕೇಳಲು ಬಂದವರನ್ನು ಮೊದಲು ಆ ಗೋಡೆಯ ಮುಂದೆ ನಿಲ್ಲಿಸಿ. ಕೊನೆಯ ಕೆಲಸದ ಕೆಂಪು ಗೆರೆ ಮುಗಿಯುವ ತನಕ, ನೀರಿನ ಭರವಸೆ ಮೇಲೆ ಒಂದು ರೂಪಾಯಿ ಸಾಲ ಮಾಡಬೇಡಿ.