ಸುಮ್ನೆ ಕೂತವರು ದಡ್ಡರಲ್ಲ

ಗ್ವಾಟೆಮಾಲಾದ ಗುಡ್ಡಗಾಡಿನ ಬಡ ಮಾಯಾ ಕುಟುಂಬದ ಹುಡುಗಿಯ ದಿನ ಒಲೆ ಮುಂದೆ ಶುರುವಾಗುತ್ತೆ. ಸುಣ್ಣ ಹಾಕಿ ಬೇಯಿಸಿದ ಮೆಕ್ಕೆಜೋಳ ತೊಳೀಬೇಕು, ಅಮ್ಮನ ಜೊತೆ ತೋರ್ತಿಯಾ ತಟ್ಟಬೇಕು, ನೀರು, ಸೌದೆ ತರಬೇಕು, ತಮ್ಮನನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕು. ಕಾಫಿ ಕೊಯ್ಲು ಬಂದರೆ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗ್ತಾರೆ, ಶಾಲೆ ತಪ್ಪುತ್ತೆ. ಆ ದೇಶದಲ್ಲಿ ಐದು ವರ್ಷದೊಳಗಿನ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ಸರಿಯಾದ ಊಟವಿಲ್ಲದೆ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ.

ಇಷ್ಟೆಲ್ಲ ದಾಟಿ ಕ್ಲಾಸಿಗೆ ಬಂದರೆ ಪಾಠ ಬಹುಪಾಲು ಸ್ಪ್ಯಾನಿಷ್‌ನಲ್ಲಿ. ಮನೆಮಾತು ಕಿಚೆಯೋ ಮಾಮೋ. ಅಲ್ಲಿ 22 ಮಾಯಾ ಭಾಷೆಗಳಿವೆ, 2003ರಲ್ಲಿ ಅವಕ್ಕೆ ಕಾನೂನಿನ ಮಾನ್ಯತೆಯೂ ಸಿಕ್ಕಿದೆ. ಆದ್ರೆ ಅರ್ಥವಾಗದೆ ಸುಮ್ನೆ ಕೂತ ಮಗುವನ್ನು ಶಾಲೆ ದಡ್ಡಿ ಅಂದುಬಿಡಬಹುದು.

ನಾನು ಇಂಗ್ಲಿಷ್ ಮೀಡಿಯಂನವನು. ಫಸ್ಟ್ ಸೆಮ್ ವೈವಾದಲ್ಲಿ ಕನ್ನಡ ಮೀಡಿಯಂನಿಂದ ಬಂದ ಗೆಳೆಯ ಬಾಯೇ ಬಿಡಲಿಲ್ಲ. ಇವನಿಗೇನೂ ಬರಲ್ಲ ಅಂದ್ಕೊಂಡೆ. ಆಮೇಲೆ ಅದೇ ಸರ್ಕ್ಯೂಟನ್ನು ಕನ್ನಡದಲ್ಲಿ ನನಗೆ ಬಿಡಿಸಿ ಹೇಳಿದ್ದು ಅವನೇ.

ಸ್ಪ್ಯಾನಿಷ್ ಬೇಡ, ಇಂಗ್ಲಿಷ್ ಬೇಡ ಅಂತಲ್ಲ. ಮಗು ಮನೆಮಾತಲ್ಲಿ ಮೊದಲು ಅರ್ಥ ಮಾಡ್ಕೊಳ್ಳಲಿ, ಇನ್ನೊಂದು ಭಾಷೆ ಆಮೇಲೆ ಬರುತ್ತೆ. ನಿಮ್ಮ ಬೆಂಚಲ್ಲೂ ಯಾರಾದ್ರೂ ಸುಮ್ನಿದ್ರೆ, ಒಂದ್ಸಲ ಕನ್ನಡದಲ್ಲಿ ಕೇಳಿ ನೋಡಿ.