ವಾರಕ್ಕೊಂದು ಸಂಜೆಯ ಬಿಡುವು: ಮದ್ಯಮುಕ್ತಿ ಸಭೆಗಳು ಮತ್ತು ಉದ್ಯಮಗಳ ಹೊಣೆ

ಉತ್ಪಾದಕತೆಯ ಮಾತು ಬಂದಾಗಲೆಲ್ಲ ವಿದ್ಯುತ್ ದರ, ಬ್ಯಾಂಕ್ ಬಡ್ಡಿ, ಕಚ್ಚಾ ಸಾಮಗ್ರಿಯ ಬೆಲೆಗಳನ್ನು ಕುರಿತು ವಿಸ್ತಾರವಾಗಿ ಚರ್ಚಿಸುವ ಉದ್ಯಮ ವಲಯವು, ಸಂಬಳದ ಮರುದಿನ ಹಾಗೂ ಸೋಮವಾರಗಳಂದು ನಿಂತೇ ಇರುವ ಯಂತ್ರಗಳ ಬಗ್ಗೆ ಮೌನ ವಹಿಸುತ್ತದೆ. ಕಾರಣ ಎಲ್ಲರಿಗೂ ತಿಳಿದಿರುತ್ತದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅದು ‘ಅನಾರೋಗ್ಯ’ವೆಂದು ದಾಖಲಾಗುತ್ತದೆ. ಎರಡು ಮೂರು ಎಚ್ಚರಿಕೆ ಪತ್ರ, ಒಂದು ಆಂತರಿಕ ವಿಚಾರಣೆ, ಕೊನೆಗೆ ವಜಾ. ಹತ್ತು ಹದಿನೈದು ವರ್ಷ ಪಳಗಿದ ಟರ್ನರ್ ಅಥವಾ ವೆಲ್ಡರ್ ಹೀಗೆ ಕೈತಪ್ಪಿ ಹೋಗುತ್ತಾನೆ. ಹೊಸಬನನ್ನು ತಯಾರು ಮಾಡುವ ವೆಚ್ಚವನ್ನು ಯಾರೂ ಕುಡಿತದ ಲೆಕ್ಕಕ್ಕೆ ಬರೆಯುವುದಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯದ ಸಮಸ್ಯೆಗಾಗಿ ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದವರು 38 ಮಂದಿಗೆ ಒಬ್ಬರು ಮಾತ್ರ. ಉಳಿದ 37 ಮಂದಿಯಲ್ಲಿ ಅನೇಕರು ಯಾವುದೋ ಕಾರ್ಖಾನೆಯ, ಅಂಗಡಿಯ, ಸಾರಿಗೆ ಸಂಸ್ಥೆಯ ನೌಕರರಾಗಿರಲೇಬೇಕು. ಕೆಲವರು ಮಾಲೀಕರೂ ಆಗಿರಬಹುದು. ಚೆನ್ನೈನಲ್ಲಿ 1980ರಲ್ಲಿ ವ್ಯಸನಮುಕ್ತಿ ಕೇಂದ್ರವನ್ನು ಆರಂಭಿಸಿದ ಶಾಂತಿ ರಂಗನಾಥನ್ ಅವರು ಹೆಸರಾಂತ ಟಿ.ಟಿ.ಕೆ. ಉದ್ಯಮ ಕುಟುಂಬದವರು, ಪತಿಯನ್ನು ಇದೇ ವ್ಯಸನಕ್ಕೆ ಕಳೆದುಕೊಂಡವರು.

ಈ ಸಂದರ್ಭದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ಬಗೆಯನ್ನು ವಾಣಿಜ್ಯ ವಲಯದವರು ತಿಳಿಯುವುದು ಉಚಿತ. 1935ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್, ರಬ್ಬರ್ ಯಂತ್ರೋಪಕರಣಗಳ ಕಂಪನಿಯೊಂದರ ಆಡಳಿತ ಹಿಡಿಯುವ ಯತ್ನದಲ್ಲಿ ಒಹಾಯೋ ರಾಜ್ಯದ ಆಕ್ರನ್ ನಗರಕ್ಕೆ ಬಂದು ಸೋತರು. ಕುಡಿತ ಬಿಟ್ಟು ಆರು ತಿಂಗಳೂ ಆಗಿರಲಿಲ್ಲ. ಹೋಟೆಲಿನ ಬಾರ್ ಕೈಗೆಟಕುವಷ್ಟು ಹತ್ತಿರದಲ್ಲಿದ್ದಾಗ ಅವರು ದೂರವಾಣಿಯನ್ನು ಎತ್ತಿಕೊಂಡು, ತಮ್ಮಂತೆಯೇ ನರಳುತ್ತಿರುವ ಇನ್ನೊಬ್ಬನನ್ನು ಹುಡುಕಿದರು. ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕೈಕೊಟ್ಟ ವ್ಯವಹಾರವೊಂದರಿಂದ ಜಗತ್ತಿಗೆ ಇಷ್ಟು ಲಾಭವಾದ ನಿದರ್ಶನ ಮತ್ತೊಂದು ಸಿಗುವುದು ಕಷ್ಟ. ಭಾರತದಲ್ಲಿ ಈ ಸಭೆಗಳು 1957ರಲ್ಲಿ ಮೊದಲಾದವು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳಲ್ಲಿ ಚರ್ಚಿನ ಸಭಾಂಗಣ, ಶಾಲೆಯ ಕೊಠಡಿಗಳಂತಹ ಸಾಧಾರಣ ಸ್ಥಳಗಳಲ್ಲಿ ಅವು ನಡೆಯುತ್ತವೆ.

ಸಭೆಗೆ ಶುಲ್ಕವಿಲ್ಲ, ಪೂರ್ಣ ಹೆಸರನ್ನು ಹೇಳಬೇಕಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಮೊದಲ ದಿನ ಸುಮ್ಮನೆ ಕುಳಿತು ಕೇಳಿ ಎದ್ದು ಬರಬಹುದು. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಇದು ಕೇವಲ ಭಾವುಕರ ನಂಬಿಕೆಯಲ್ಲ. 27 ಅಧ್ಯಯನಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು, ಸತತವಾಗಿ ಮದ್ಯದಿಂದ ದೂರವಿರಿಸುವಲ್ಲಿ ಈ ಸಭೆಗಳಿಗೆ ರೋಗಿಗಳನ್ನು ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಇತರ ರೂಢಿಯ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಕೊಂಡಿತು. ಗ್ರಾಮೀಣ ಭಾಗದವರಿಗೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಪರಿಚಿತವಾಗಿವೆ. ಶಿಬಿರ ಮುಗಿಸಿದವರು ಮತ್ತೆ ಜಾರದಂತೆ ನವಜೀವನ ಸಮಿತಿಗಳೂ ಇವೆ. ತತ್ತ್ವ ಒಂದೇ: ಬಿಟ್ಟವನ ಮಾತು ಬಿಡಬೇಕೆನ್ನುವವನಿಗೆ ನಾಟುತ್ತದೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಅಪಸ್ಮಾರ, ಸನ್ನಿ ಬರುವ ಅಪಾಯವಿರುವುದರಿಂದ ಮೊದಲು ವೈದ್ಯರನ್ನು ಕಾಣಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಇಂತಹ ಕಾರ್ಯಕ್ಕೆ ಉದ್ಯಮಿಗಳಿಗೆ ಥಟ್ಟನೆ ಹೊಳೆಯುವುದು ದೇಣಿಗೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಹೊರಗಿನವರ ಹಣ ಸ್ವೀಕರಿಸುವುದೇ ಇಲ್ಲ. ಸದಸ್ಯರೇ ಡಬ್ಬಿಗೆ ಹಾಕಿದ್ದರಲ್ಲಿ ಬಾಡಿಗೆ, ಚಹಾ ಎಲ್ಲವೂ ನಡೆಯಬೇಕು. ಚೆಕ್ ಬರೆದು, ಭಾವಚಿತ್ರ ತೆಗೆಸಿಕೊಂಡು ಕೈತೊಳೆದುಕೊಳ್ಳುವ ಸೌಲಭ್ಯ ಇಲ್ಲಿಲ್ಲ. ಕೊಡಬೇಕಾದದ್ದು ಸಮಯ. ಸಭೆಗಳು ಬಹುಮಟ್ಟಿಗೆ ಸಂಜೆ ನಡೆಯುತ್ತವೆ. ಮಧ್ಯಾಹ್ನ ಎರಡಕ್ಕೆ ಒಳಹೊಕ್ಕು ರಾತ್ರಿ ಹತ್ತಕ್ಕೆ ಹೊರಬರುವ ಎರಡನೆಯ ಪಾಳಿಯ ಕಾರ್ಮಿಕನಿಗೆ ಅವು ಇದ್ದೂ ಇಲ್ಲದಂತೆ. ಅವನಿಗೆ ಕೆಲವು ತಿಂಗಳು ಮೊದಲ ಪಾಳಿಯನ್ನೇ ಕೊಡುವುದು ಮೇಲ್ವಿಚಾರಕರಿಗೆ ಕಿರಿಕಿರಿಯಾದರೂ ಅಸಾಧ್ಯವೇನಲ್ಲ.

ಸಮಯದಷ್ಟೇ ಮುಖ್ಯವಾದದ್ದು ಗೋಪ್ಯತೆ. ಕೆಲವು ಆಡಳಿತ ವರ್ಗಗಳು ಸದುದ್ದೇಶದಿಂದಲೇ ‘ಸಭೆಗೆ ಹೋದ ಬಗ್ಗೆ ಪತ್ರ ತಾ’ ಎಂದು ಕೇಳಬಹುದು. ಅಲ್ಲಿಗೆ ಸಭೆ ಶಿಕ್ಷೆಯ ಭಾಗವಾಗುತ್ತದೆ, ಅನಾಮಧೇಯತೆಯೂ ಮುಗಿಯುತ್ತದೆ. ಹಾಜರಿ ಮತ್ತು ಕೆಲಸದ ಗುಣಮಟ್ಟವನ್ನು ಅಳೆಯುವ ಹಕ್ಕು ಮಾಲೀಕರಿಗಿದೆ; ಅಷ್ಟಕ್ಕೆ ನಿಲ್ಲುವುದು ಲೇಸು. ಮದ್ಯಪಾನ ಮಾಡಿ ಯಂತ್ರದ ಮುಂದೆ ನಿಂತವನನ್ನು ಕ್ಷಮಿಸಬೇಕೆಂದು ಇದರ ಅರ್ಥವಲ್ಲ. ಅವನನ್ನು ಅಂದು ಮನೆಗೆ ಕಳುಹಿಸಲೇಬೇಕು. ಮರುದಿನ ಅವನ ಕೈಗೆ ಎಚ್ಚರಿಕೆ ಪತ್ರದೊಡನೆ ಒಂದು ವಿಳಾಸವೂ ಸಿಗಬೇಕೆಂಬುದಷ್ಟೇ ಇಲ್ಲಿನ ವಾದ.

ವಿಳಾಸ ಸಿಗುವುದೇ ಈಗಿನ ತೊಡಕು. ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ಆಸ್ಪತ್ರೆಗಳ ವ್ಯಸನಮುಕ್ತಿ ವಿಭಾಗದ ಆಪ್ತಸಮಾಲೋಚಕರಿಂದಲೂ ಸಮೀಪದ ಗುಂಪುಗಳ ಮಾಹಿತಿ ದೊರೆಯುತ್ತದೆ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ತಮ್ಮ ಕೈಗಾರಿಕಾ ಪ್ರದೇಶದ ಸುತ್ತಲಿನ ಸಭೆಗಳ ವಾರ, ವೇಳೆ, ಭಾಷೆಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಸದಸ್ಯ ಘಟಕಗಳಿಗೆ ಹಂಚಬಹುದು. ಅದು ಇ.ಎಸ್.ಐ. ಸೂಚನೆಯ ಪಕ್ಕದಲ್ಲಿಯೂ, ಆಡಳಿತ ಕಚೇರಿಯ ಗೋಡೆಯಲ್ಲಿಯೂ ಇರಲಿ. ಸಭೆಯ ಸ್ಥಳ, ಸಮಯಗಳು ಬದಲಾಗುತ್ತಿರುವುದರಿಂದ ಮೂರು ತಿಂಗಳಿಗೊಮ್ಮೆ ದೂರವಾಣಿಯಲ್ಲಿ ವಿಚಾರಿಸಿ ಪಟ್ಟಿಯನ್ನು ತಿದ್ದಬೇಕಾಗುತ್ತದೆ. ಒಬ್ಬ ಗುಮಾಸ್ತರಿಗೆ ಅದು ಅರ್ಧ ದಿನದ ಕೆಲಸ.